ವೀಳ್ಯದೆಲೆಯಷ್ಟು ಸಂದು

ಒಂದು ಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತದೆಯೇ ಇಲ್ಲವೇ ಎಂಬುದು ಮನುಷ್ಯಕುಲದ ಮುಂದಿರುವ ಅತ್ಯಂತ ಗಂಭೀರವಾದ ಪ್ರಶ್ನೆಗಳಲ್ಲಿ ಒಂದು. ರಾಜ್ಯಗಳ ಏಳುಬೀಳಿನ ಬಗ್ಗೆ, ಆತ್ಮದ ಗತಿಯ ಬಗ್ಗೆ ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ಬಾಗಿಲಿನ ಬಗ್ಗೆ ಬರೆದವರು ಕಡಿಮೆ. ಆದ್ದರಿಂದ ಆ ಹೊಳೆಯ ಊರಿನಲ್ಲಿ ನಾನು ಕಂಡ ಒಂದು ಬಾಗಿಲಿನ ವೃತ್ತಾಂತವನ್ನು ಕಂಡಂತೆಯೇ ಬರೆದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಬಾಗಿಲು ಚಿಕ್ಕದು. ಎದೆಯೆತ್ತರ, ಒಬ್ಬರು ತಗ್ಗಿ ಒಳಹೋಗುವಷ್ಟು ಅಗಲ. ಹಲಸಿನ ಹಲಗೆಯದು. ಅದರ ಮೇಲೆ ಯಾರೋ ಹಿಂದಿನವರು ಒಂದು ಗಿಳಿಯನ್ನು ಕೆತ್ತಿದ್ದರು. ಗಿಳಿಯ ಕೊಕ್ಕು ಎಷ್ಟೋ ಮದುವಣಗಿತ್ತಿಯರ ಬೆರಳು ತಾಗಿ ಸವೆದುಹೋಗಿತ್ತು. ಬಾಲ ಮಾತ್ರ ನೀಳವಾಗಿ ಬಾಗಿಲಿನ ಅಂಚಿನವರೆಗೂ ಇಳಿದು ಅಲ್ಲಿ ಕೊಂಚ ಡೊಂಕಾಗಿತ್ತು. ಈ ಬಾಗಿಲು ಇದ್ದದ್ದು ಮನೆಗಲ್ಲ, ಒಂದು ದೋಣಿಗೆ.

ನಾನು ಆ ಊರಿನ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಅಲ್ಲಿ ಅಚ್ಚಾಗುತ್ತಿದ್ದದ್ದು ಮುಕ್ಕಾಲು ಪಾಲು ಲಗ್ನಪತ್ರಿಕೆಗಳು. ಪೆನ್ನು ಹಿಡಿದವರೆಲ್ಲ ಆ ಊರಿಗೆ ಮಾಷ್ಟ್ರುಗಳೇ ಆದ್ದರಿಂದ ನಾನೂ ಮಾಷ್ಟ್ರಾಗಿದ್ದೆ. ತಪ್ಪು ಕಂಡರೆ ಅಂಚಿನಲ್ಲಿ ಗೀಟು ಹಾಕುವುದಷ್ಟೇ ನನ್ನ ಅಧಿಕಾರ. ತಿದ್ದಿದ್ದನ್ನು ಅಚ್ಚಿನವನು ಒಪ್ಪಬೇಕೆಂಬ ನಿಯಮವೇನೂ ಇರಲಿಲ್ಲ. ನಾನು ಬಾಡಿಗೆಗಿದ್ದ ಮಹಡಿಯ ಕೋಣೆಯ ಕಿಟಕಿ ತೆಂಗಿನನಾರಿನ ಗೋದಾಮೊಂದರ ಅಂಗಳಕ್ಕೆ ತೆರೆಯುತ್ತಿತ್ತು. ಈ ಕತೆಯಲ್ಲಿ ನನಗೆ ಸಿಕ್ಕ ಸ್ಥಾನ ಆ ಕಿಟಕಿ ಮಾತ್ರ.

ಹೊಳೆಯ ಈ ದಡದ ಹೆಣ್ಣುಮಕ್ಕಳನ್ನು ಆ ದಡಕ್ಕೆ ಕೊಡುವುದು ಅಲ್ಲಿನ ರೂಢಿ; ಧಾರೆ ನಡೆಯುವುದೂ ಆ ದಡದಲ್ಲೇ. ಹೊಳೆ ದಾಟುವ ಜಾಗಕ್ಕೆ ಅಲ್ಲಿ ಕಡವು ಎನ್ನುತ್ತಿದ್ದರು; ಮದುಮಗಳನ್ನು ದಾಟಿಸಲೆಂದೇ ಕಡವು ಸಮಿತಿಯ ಒಂದು ದೋಣಿಯಿತ್ತು. ಅದರ ಹಿಂಬದಿಯಲ್ಲಿ ಒಂದು ಪುಟ್ಟ ಕೋಣೆ. ಕೋಣೆಗೆ ಕಿಟಕಿಯಿಲ್ಲ, ಗಿಳಿಯ ಬಾಗಿಲೊಂದೇ. ಹುಡುಗಿ ಒಳಗೆ ಕೂತ ಮೇಲೆ ಬಾಗಿಲು ಹಾಕುತ್ತಿದ್ದರು. ತೆರೆಯುವುದು ಆಚೆ ದಡದಲ್ಲಿ, ಅತ್ತೆಯ ಕೈಯಿಂದ. ದೋಣಿಯ ಚುಕ್ಕಾಣಿ ಹಿಡಿಯುತ್ತಿದ್ದವನು ಸಂಕಪ್ಪ. ಊರಿನ ಅರ್ಧದಷ್ಟು ಹೆಂಗಸರನ್ನು ತಾನೇ ಗಂಡನ ಮನೆಗೆ ಮುಟ್ಟಿಸಿದ್ದೇನೆಂದು ಅವನು ಹೇಳಿಕೊಳ್ಳುತ್ತಿದ್ದ. ಉಳಿದರ್ಧವನ್ನು ಮುಟ್ಟಿಸಿದ್ದು ಅವನ ಅಪ್ಪ. ಆ ವರ್ಷ ಸಂಕಪ್ಪ ತನ್ನ ಮಗಳ ಲಗ್ನಪತ್ರಿಕೆಯನ್ನು ಅಚ್ಚಿಗೆ ತಂದಿದ್ದ. ಒಬ್ಬಳೇ ಮಗಳು, ಸುಗಂಧಿ. ತಾಯಿ ಇಲ್ಲ.

“ಮಾಷ್ಟ್ರೆ, ದೋಣಿಯ ಹೆಸರು ದೊಡ್ಡಕ್ಷರದಲ್ಲಿ ಬರ್ಬೇಕು,” ಅಂದ.

“ಗಂಡಿನ ಹೆಸರಿಗಿಂತಲಾ?”

“ಗಂಡು ಹೇಗೂ ಸಣ್ಣವ. ನೋಡಿದ್ರೆ ನಿಮಗೇ ಗೊತ್ತಾಗ್ತದೆ.”

ಮಗಳು ಹಿಂದೆ ನಿಂತಿದ್ದಳು. “ಅಪ್ಪನಿಗೆ ಅಳಿಯ ಸಿಕ್ಕಿದ್ದು ಖುಷಿ ಇಲ್ಲ ಮಾಷ್ಟ್ರೆ. ಮಗಳನ್ನು ತನ್ನ ದೋಣಿಯಲ್ಲಿ ಕೂರಿಸ್ಲಿಕ್ಕೆ ಒಂದು ನೆಪ ಸಿಕ್ಕಿದ್ದು ಖುಷಿ,” ಅಂದಳು. ಸಂಕಪ್ಪ ಅದನ್ನು ಅಲ್ಲಗಳೆಯಲಿಲ್ಲ.

ಮದುವೆಗೆ ಮುಂಚೆ ದೋಣಿಯನ್ನು ಮೇಲೆತ್ತಿ, ಹಲಗೆಗಳ ಸಂದಿಗೆ ಹೊಸ ನಾರು ತುಂಬಿ, ಮೀನೆಣ್ಣೆ ಬಳಿಯಬೇಕಿತ್ತು. ಪ್ರತಿವರ್ಷ ಈ ಕೆಲಸ ನಡೆಯುತ್ತಿದ್ದದ್ದು ಹೊಳೆಯ ಬದಿಯ ಮರಳದಿಣ್ಣೆಯ ಮೇಲೆ. ಆ ಸಲ ಮಳೆಗಾಲದ ನೆರೆ ದಿಣ್ಣೆಯನ್ನು ಪೂರ್ತಿ ತಿಂದುಹಾಕಿತ್ತು. ನಿನ್ನೆ ಮೊನ್ನೆಯವರೆಗೂ ಮಕ್ಕಳು ಆಡುತ್ತಿದ್ದ ಜಾಗದಲ್ಲಿ ಕಂದು ನೀರು ಸುತ್ತು ಹೊಡೆಯುತ್ತಿತ್ತು. ಮರಳು ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ಹೀಗಾಗಿ ದೋಣಿಯನ್ನು ಗೋದಾಮಿನ ಅಂಗಳಕ್ಕೆ ತರುವುದೆಂದಾಯಿತು. ಗೋದಾಮು ಸಮಿತಿಯ ಅಧ್ಯಕ್ಷರಾದ ಅಂತಯ್ಯನವರದು. ಹಳೆಯ ಲಾರಿಯೊಂದರ ಚಕ್ರಗಳನ್ನೂ ಕಬ್ಬಿಣದ ಚೌಕಟ್ಟನ್ನೂ ಬಿಚ್ಚಿ ದೋಣಿಗೆಂದೇ ಒಂದು ಗಾಡಿ ಮಾಡಿಸಿದರು. ಆ ಊರಿನಲ್ಲಿ ಅಂಥ ಗಾಡಿ ಅದೇ ಮೊದಲು.

ಇಲ್ಲಿ ಒಂದು ಸಂಗತಿ ಹೇಳಬೇಕು. ದೋಣಿಯ ಹೊಟ್ಟೆಯಡಿ ಮೂತಿಯಿಂದ ಹಿಂಬದಿಯವರೆಗೆ ಒಂದೇ ಮರ ಹಾಯ್ದಿರುತ್ತದೆ. ಪಕ್ಕೆಲುಬುಗಳೆಲ್ಲ ಹೊರಡುವುದು ಅದರಿಂದ. ಅದನ್ನು ಅಲ್ಲಿ ಅಡಿಮರ ಎನ್ನುತ್ತಿದ್ದರು. ದೋಣಿಯನ್ನು ಗಾಡಿಯ ಮೇಲೆ ಕೂರಿಸುವಾಗ ಅದರ ಭಾರವೆಲ್ಲ ಈ ಅಡಿಮರದ ಮೇಲೆ ಬೀಳಬೇಕು. ಪಕ್ಕದ ಆನಿಕೆಗಳು ಅದು ವಾಲದಂತೆ ಮೆಲ್ಲಗೆ ಹಿಡಿದರೆ ಸಾಕು. ಬೇರೆಲ್ಲ ಊರುಗಳ ಕ್ರಮ ಇದು. ಆ ಊರಿನ ಕ್ರಮ ಬೇರೆ. ಅಡಿಮರದಲ್ಲಿ ಹೊಳೆಯಮ್ಮ ಇದ್ದಾಳೆ, ಅದನ್ನು ಹೊರುವ ಹಕ್ಕು ನೀರಿಗೆ ಮಾತ್ರ, ನೆಲಕ್ಕೆ ಇಲ್ಲ ಎಂದು ಅವರ ನಂಬಿಕೆ. ಅಡಿಮರ ನೆಲಕ್ಕೆ ತಾಗಿದರೆ ಅದು ‘ಕೂತ ದೋಣಿ’. ಕೂತ ದೋಣಿಯಲ್ಲಿ ಹೋದ ಹೆಣ್ಣು ಗಂಡನ ಮನೆಯಲ್ಲಿ ನಿಲ್ಲುವುದಿಲ್ಲ.

ಮರಳದಿಣ್ಣೆ ಇದ್ದಾಗ ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಅಡಿಮರದ ಕೆಳಗೆ ಉದ್ದಕ್ಕೂ ಒಂದು ಕಾಲುವೆ ತೋಡುತ್ತಿದ್ದರು. ಅಡಿಮರ ಗಾಳಿಯಲ್ಲಿ ನಿಲ್ಲುತ್ತಿತ್ತು, ದೋಣಿಯ ಇಡೀ ಹೊಟ್ಟೆಯನ್ನು ಮರಳು ಮಡಿಲಿನಂತೆ ಹಿಡಿದಿರುತ್ತಿತ್ತು. ಅಧ್ಯಕ್ಷರು ಒಂದು ವೀಳ್ಯದೆಲೆಯನ್ನು ಅಡಿಮರದ ಕೆಳಗೆ ಈ ಬದಿಯಿಂದ ತೂರಿಸಿ ಆ ಬದಿಯಿಂದ ಎಳೆದು ಎಲ್ಲರಿಗೂ ತೋರಿಸುತ್ತಿದ್ದರು. ಎಲೆ ಹರಿಯದೆ ಬಂದರೆ ಎಲ್ಲವೂ ಸರಿ.

ಗಾಡಿಯ ಮೇಲೆ ಮರಳಿರಲಿಲ್ಲ. ದೋಣಿಯನ್ನು ಎಡಬಲದಲ್ಲಿ ಎತ್ತಿ ಹಿಡಿಯಲು ನಾಲ್ಕು ಕಂಬಗಳನ್ನು ನಿಲ್ಲಿಸಿದರು. ಕಂಬದ ತಲೆಗೆ ನಾರು ತುಂಬಿದ ಗೋಣಿಯ ದಿಂಬು, ಬುಡಕ್ಕೆ ತಿರುಗಿಸಿ ಏರಿಸುವ ಜಾಕಿ. ಅಡಿಮರ ಗಾಡಿಯ ಕಬ್ಬಿಣದಿಂದ ತುಸುವೇ ಮೇಲೆ ತೂಗುತ್ತಿತ್ತು. ಅಂತಯ್ಯನವರು ಎಲೆ ತೂರಿಸಿದರು. ಎಲೆ ಬಂತು. ಜನ ಸಂತೋಷಪಟ್ಟರು.

ಸಂಕಪ್ಪ ದೋಣಿಯ ಸುತ್ತ ಬಂದ. ದಿಂಬು ಒತ್ತಿದ್ದ ಕಡೆ ಅಂಗೈ ಇಟ್ಟು ನಿಂತ.

“ಧನಿಗಳೇ, ಮರಳಾದ್ರೆ ಹೊಟ್ಟೆ ಪೂರ್ತಿ ಹಿಡಿತದೆ. ಇದು ನಾಲ್ಕು ಮುಷ್ಟಿಯಲ್ಲಿ ಗುದ್ದಿ ಎತ್ತಿದ ಹಾಗೆ ಆಯ್ತು. ಅಡಿಮರದ ಕೆಳಗೆ ಒಂದು ತೊಲೆ ಕೊಡುವ. ಭಾರ ಅದರ ಮೇಲೆ ಹೋಗ್ಲಿ.”

“ಕೊಡುವ,” ಅಂದರು ಅಂತಯ್ಯನವರು. ಅವರದು ಎಂದೂ ಏರದ ದನಿ. “ಕೊಟ್ಟು ಆಚೆ ದಡದವರಿಗೆ ಎಂತ ಹೇಳುದು? ನಿಮ್ಮ ಸೊಸೆಯನ್ನು ಕೂತ ದೋಣಿಯಲ್ಲಿ ಕಳಿಸಿದ್ದೇವೆ, ಸುಧಾರಿಸ್ಕೊಳ್ಳಿ ಅಂತ ಹೇಳುದಾ? ಬೇರೆಯವರ ಮಗಳಾದ್ರೆ ನಾನು ಮಾತಾಡ್ತಿರ್ಲಿಲ್ಲ. ನಿನ್ನ ಮಗಳು ಅಲ್ವಾ ಸಂಕಪ್ಪ, ಅದಕ್ಕೆ ಹೇಳುದು.”

ಸಂಕಪ್ಪನ ಅಂಗೈ ದೋಣಿಯಿಂದ ಕೆಳಗಿಳಿಯಿತು. ಒಬ್ಬ ಮನುಷ್ಯನ ಬಾಯಿ ಕಟ್ಟಲು ಅವನ ಪ್ರೀತಿಯನ್ನೇ ಹಗ್ಗ ಮಾಡುವ ವಿದ್ಯೆ ಅಂತಯ್ಯನವರಿಗೆ ಸಿದ್ಧಿಸಿತ್ತು.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ ಬಾಗಿಲು ಅಂಟಿಕೊಂಡಿತು.

ಬಡಗಿ ದಾಮೋದರಾಚಾರ್ರು ಕೋಣೆಯೊಳಗೆ ಎಣ್ಣೆ ಬಳಿಯಲು ಹೋದಾಗ ಬಾಗಿಲನ್ನು ಭುಜದಿಂದ ತಳ್ಳಬೇಕಾಯಿತು. ಆಚಾರ್ರದು ಆ ಸೀಮೆಯಲ್ಲೇ ಹೆಸರುವಾಸಿ ಕೈ. ತಾನು ಮಾಡಿದ ಬಾಗಿಲು ಕೊಟ್ಟ ಮಾತಿನ ಹಾಗೆ ಎಂದು ಅವರು ಆಗಾಗ ಹೇಳುವುದಿತ್ತು. ಅವರು ಬಾಗಿಲನ್ನು ಒಂದು ಕಣ್ಣು ಮುಚ್ಚಿ ನೋಡಿದರು. “ಮರ ಉಬ್ಬಿದೆ,” ಅಂದರು. ಕೀಸುಳಿ ತಂದು ಅಂಚನ್ನು ಹೆರೆದರು. ಹೆರೆದ ಸುರುಳಿಗಳು ಅಂಗಳದಲ್ಲಿ ಹಾರಾಡಿದವು. ಬಾಗಿಲು ಮೆತ್ತಗೆ ಮುಚ್ಚಿಕೊಂಡಿತು.

ಮರುವಾರ ಅಂತಯ್ಯನವರ ವೀಳ್ಯದೆಲೆ ಸಿಕ್ಕಿಕೊಂಡಿತು. ಅಡಿಮರ ತನ್ನ ಭಾರಕ್ಕೆ ತಾನೇ ಕೊಂಚ ಇಳಿದಿತ್ತು. ಎಳೆದಾಗ ಎಲೆ ಅರ್ಧಕ್ಕೆ ಹರಿಯಿತು. ಅಂತಯ್ಯನವರು ಹರಿದ ಎಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು, “ಜಾಕಿ ಏರಿಸಿ,” ಅಂದರು. ನಾಲ್ಕೂ ಕಂಬಗಳ ಜಾಕಿ ತಿರುಗಿಸಿದರು. ದಿಂಬುಗಳು ದೋಣಿಯ ಪಕ್ಕೆಯನ್ನು ಇನ್ನಷ್ಟು ಒತ್ತಿದವು. ಹೊಸ ಎಲೆ ಸರಾಗವಾಗಿ ಬಂತು. ಎರಡು ದಿನ ಕಳೆಯುವುದರೊಳಗೆ ಬಾಗಿಲು ಮತ್ತೆ ಅಂಟಿಕೊಂಡಿತು.

ಅಲ್ಲಿಂದ ಮುಂದೆ ಅದೊಂದು ದಿನಚರಿಯೇ ಆಗಿಹೋಯಿತು. ಎಲೆ ಸಿಕ್ಕಿಕೊಂಡರೆ ಜಾಕಿ ಏರಿಸುವುದು, ಜಾಕಿ ಏರಿಸಿದ್ದಕ್ಕೆ ಬಾಗಿಲು ಅಂಟಿಕೊಳ್ಳುವುದು, ಬಾಗಿಲು ಅಂಟಿಕೊಂಡರೆ ಆಚಾರ್ರು ಕೀಸುಳಿ ತರುವುದು. ಒಂದರ ಹಿಂದೊಂದು ಬರುತ್ತಿದ್ದ ಈ ಮೂರನ್ನೂ ಯಾರೂ ಒಟ್ಟಿಗೆ ಸೇರಿಸಿ ನೋಡಲಿಲ್ಲ. ಎಲೆ ಅಂತಯ್ಯನವರ ಇಲಾಖೆ, ಬಾಗಿಲು ಆಚಾರ್ರ ಇಲಾಖೆ. ನಾನು ಒಮ್ಮೆ ಕಿಟಕಿಯಿಂದಲೇ ಕೂಗಿ ಕೇಳಿದೆ: “ಆಚಾರ್ರೆ, ದೊಡ್ಡದಾಗ್ತಿರೋದು ಬಾಗಿಲೋ, ಸಣ್ಣದಾಗ್ತಿರೋದು ಚೌಕಟ್ಟೋ?”

“ಮಾಷ್ಟ್ರೆ, ನಿಮ್ಮ ಪುಸ್ತಕದಲ್ಲಿ ಅಕ್ಷರ ಹೆಚ್ಚಾದ್ರೆ ಕಾಗದ ಸಣ್ಣದಾಯ್ತು ಅಂತೀರಾ?” ಅಂದರು ಆಚಾರ್ರು. ಕೆಳಗಿದ್ದವರೆಲ್ಲ ನಕ್ಕರು. ಉತ್ತರ ಚೆನ್ನಾಗಿತ್ತು, ನಾನೂ ನಕ್ಕೆ.

ಜನರಿಗೆ ಇದರಲ್ಲಿ ಶುಭವೇ ಕಂಡಿತು. ಕಡಿದು ಎಷ್ಟೋ ಕಾಲವಾದ ಹಲಸಿನ ಮರ ಮತ್ತೆ ಬೆಳೆಯುತ್ತಿದೆ ಎಂದು ಸುದ್ದಿಯಾಯಿತು. ಹೆಂಗಸರು ಬಂದು ಬಾಗಿಲಿಗೆ ಅರಿಸಿನ ಹಚ್ಚಿ ಹೋದರು. ಸುಗಂಧಿಯೂ ಗೆಳತಿಯರ ಜೊತೆ ಬಂದಳು. ಗಿಳಿಯ ಬಾಲದ ತುದಿ ಆ ಹೊತ್ತಿಗೆ ಕೀಸುಳಿಗೆ ಹೋಗಿತ್ತು. ಅವಳು ಅದನ್ನೇ ನೋಡಿದಳು.

“ಆಚಾರ್ರೆ, ನನ್ನ ಮದುವೆ ಹೊತ್ತಿಗೆ ಗಿಳಿ ಇರ್ತದಾ, ಅಲ್ಲ ಕೊಕ್ಕು ಮಾತ್ರವಾ?”

“ನಿನಗೆ ಬಾಗಿಲು ಹಾಕಿದ್ರೆ ಸಾಕಲ್ವಾ ಮಗಳೇ. ಗಿಳಿ ಎಂತಕ್ಕೆ?”

“ಒಳಗೆ ಕತ್ತಲಲ್ಲಿ ಕೂರುದು ನಾನು. ಯಾರಾದ್ರೂ ಒಬ್ರು ಜೊತೆಗೆ ಬೇಡ್ವಾ?”

ಬೆಳಗಿನ ಹೊತ್ತು, ಊರು ಇನ್ನೂ ಮಾತು ಶುರುಮಾಡುವ ಮುಂಚೆ, ಅಂಗಳದಿಂದ ಸಣ್ಣ ಸಣ್ಣ ಸದ್ದುಗಳು ಬರುತ್ತಿದ್ದವು. ಯಾರೋ ನಾಲಿಗೆಯಿಂದ ‘ಟಕ್’ ಎಂದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ. ಅಂಗಳದಲ್ಲಿ ನೋಡಿದರೆ ಯಾರೂ ಇರುತ್ತಿರಲಿಲ್ಲ; ದೋಣಿ ನಾಲ್ಕು ದಿಂಬುಗಳ ಮೇಲೆ ಕಂಕುಳಿಗೆ ಕೈಕೊಟ್ಟು ಎತ್ತಿದ ಮಗುವಿನಂತೆ ತೂಗುತ್ತಿತ್ತು. ಒಂದು ಸಲ ಸಂಕಪ್ಪನನ್ನು ಕಂಡೆ. ದೋಣಿಯ ಪಕ್ಕೆಗೆ ಕಿವಿಯಿಟ್ಟು ನಿಂತಿದ್ದ. ನನ್ನನ್ನು ಕಂಡು ಕಿವಿ ತೆಗೆದು, ಸುಮ್ಮನೆ ಬೆನ್ನು ಕೆರೆದುಕೊಳ್ಳಲು ಒರಗಿದವನಂತೆ ನಟಿಸಿದ.

ಮದುವೆಯ ಮುಂಚಿನ ದಿನ ದೋಣಿಯನ್ನು ನೀರಿಗೆ ಇಳಿಸಿದರು. ಗಾಡಿ ಹೊಳೆಯೊಳಗೆ ಸರಿಯಿತು. ನೀರು ಮೇಲೇರಿ ದೋಣಿಯನ್ನು ದಿಂಬುಗಳಿಂದ ಎತ್ತಿಕೊಂಡಿತು. ಆಗ ಒಂದು ಸದ್ದಾಯಿತು. ದೊಡ್ಡದೇನಲ್ಲ, ತುಂಬ ಹೊತ್ತು ಹಿಡಿದಿದ್ದ ಉಸಿರನ್ನು ಯಾರೋ ಬಿಟ್ಟ ಹಾಗೆ. ಆ ಕೂಡಲೇ ಬಾಗಿಲು ತಾನಾಗಿಯೇ ತೆರೆದುಕೊಂಡಿತು. ದೋಣಿ ಓಲಾಡಿದಂತೆಲ್ಲ ಬಾಗಿಲು ಚೌಕಟ್ಟಿಗೆ ಬಡಿದು ಹಿಂದೆ ಬಂತು, ಮತ್ತೆ ಬಡಿಯಿತು. ಅದಕ್ಕೂ ಚೌಕಟ್ಟಿಗೂ ನಡುವೆ ನಾಲ್ಕು ಬೆರಳು ತೂರುವಷ್ಟು ಸಂದು.

“ನೋಡಿ, ಹೊಳೆ ಕಂಡದ್ದೇ ಬಾಗಿಲು ಮೈ ಇಳಿಸಿತು,” ಎಂದರು ಯಾರೋ. ಚಪ್ಪಾಳೆಯೂ ಬಿತ್ತು.

ಸಂಕಪ್ಪ ನೀರಿಗಿಳಿದು ದೋಣಿ ಹತ್ತಿ ಕೈ ಒರೆಸಿಕೊಂಡ. ಸಂದಿನಲ್ಲಿ ಬೆರಳಿಟ್ಟು ಅಳೆದ. ಒಳಹೋಗಿ, ದಿಂಬು ಒತ್ತಿದ್ದ ಕಡೆಯ ಹಲಗೆಗಳನ್ನು ಮುಟ್ಟಿ ನೋಡಿ ಹೊರಬಂದ. ಅವನ ಬೆರಳು ಒದ್ದೆಯಾಗಿತ್ತು. ದಡಕ್ಕೆ ಬಂದು ನನ್ನ ಪಕ್ಕ ಕೂತ.

“ಬಾಗಿಲು ಉಬ್ಬಿದ್ದಲ್ಲ ಮಾಷ್ಟ್ರೆ. ದೋಣಿಯನ್ನು ಹಿಂಡಿದ್ದು. ಇಷ್ಟು ದಿನ ಉಸಿರು ಕಟ್ಟಿ ನಿಂತಿತ್ತು, ಈಗ ಬಿಟ್ಟಿತು.”

“ಬಿಟ್ಟರೆ ಒಳ್ಳೆಯದಲ್ಲವೇ?”

“ಪಕ್ಕೆಲುಬು ಮುರಿದವನೂ ಉಸಿರು ಬಿಡ್ತಾನೆ.”

“ಹಾಗಾದರೆ ಹೇಳಿಬಿಡು. ನಾಳೆ ಮೀನಿನ ದೋಣಿಯಲ್ಲಿ ಕಳಿಸು ಮಗಳನ್ನು.”

ಅವನು ಆಚೆ ದಡವನ್ನು ನೋಡಿದ. ಅಲ್ಲಿ ಚಪ್ಪರ ಹಾಕುತ್ತಿದ್ದದ್ದು ಚುಕ್ಕೆಗಳಂತೆ ಕಾಣುತ್ತಿತ್ತು. “ಆಚೆಯವರು ಅವಳನ್ನು ಮೀನಿನ ದೋಣಿಯಿಂದ ಇಳಿಸ್ಕೊಳ್ಳುದಿಲ್ಲ. ಇಳಿಸ್ಕೊಂಡ್ರೂ ಆಯುಷ್ಯ ಪೂರ್ತಿ ಅದೇ ಮಾತು ಕೇಳ್ಬೇಕು ಅವಳು,” ಅಂದ. ಎದ್ದು ನಿಂತು, “ನೋಡುವ,” ಅಂದ.

ಸಂದು ಕಂಡರೆ ಮದುಮಗಳ ಮರ್ಯಾದೆಗೆ ಕುಂದು ಎಂದು ಅಂತಯ್ಯನವರು ಆಚಾರ್ರಿಗೆ ಹೇಳಿಕಳಿಸಿದರು. ಆಚಾರ್ರು ಬೆಳಗಾಗುತ್ತಲೇ ಬಂದು, ಬಾಗಿಲಿನ ಅಂಚಿಗೆ ಒಂದು ಹೊಸ ಪಟ್ಟಿ ಹೊಡೆದರು. ಬಿಳಿ ಮರ, ಗಿಳಿಯ ಬಾಲ ಹೋದ ಕಡೆ ಬೋಳು. ಬಾಗಿಲು ಒಂದು ಕೂದಲೆಳೆಯೂ ನುಸುಳದ ಹಾಗೆ ಮುಚ್ಚಿಕೊಂಡಿತು. ಆಚಾರ್ರು ಅದನ್ನು ಹಲವು ಸಲ ತೆರೆದು ಮುಚ್ಚಿ ಜನರಿಗೆ ತೋರಿಸಿದರು. ನನ್ನ ಕಡೆ ನೋಡಿ, “ಹೇಗೆ ಮಾಷ್ಟ್ರೆ?” ಎಂದರು. ಚೆನ್ನಾಗಿದೆ ಎಂದೆ. ಕೆಲಸ ನಿಜಕ್ಕೂ ಚೆನ್ನಾಗಿತ್ತು.

ದೋಣಿ ಹೊರಡುವ ಮುಹೂರ್ತದ ಹೊತ್ತಿಗೆ ಇಡೀ ಊರು ಕಡವಿನಲ್ಲಿತ್ತು. ವಾದ್ಯದವರು ಊದುತ್ತಿದ್ದರು. ಸುಗಂಧಿ ಕೆಂಪು ಸೀರೆಯಲ್ಲಿ ಬಂದು ನೀರಿನಂಚಿನಲ್ಲಿ ನಿಂತಳು. ಸಂಕಪ್ಪ ಹೊಸ ಮುಂಡಾಸು ಸುತ್ತಿಕೊಂಡಿದ್ದ. ಹುಡುಗಿ ಕಾಲೆತ್ತುವಷ್ಟರಲ್ಲಿ ಅವನು ಕೈ ಅಡ್ಡ ಹಿಡಿದ.

“ಮೊದಲು ಪಾತ್ರೆಗಳು ಹೋಗ್ಲಿ,” ಅಂದ.

ಅಂತಯ್ಯನವರು ಹತ್ತಿರ ಬಂದರು. “ಎಂತ ಸಂಕಪ್ಪ? ಪಾತ್ರೆ ಮದುಮಗಳ ಹಿಂದೆ ಹೋಗುದು. ಇದು ಯಾವ ಊರಿನ ಕ್ರಮ?”

“ಧನಿಗಳೇ, ಎಲ್ಲ ಕ್ರಮ ನೀವು ಹೇಳಿದ ಹಾಗೇ ಆಯ್ತು. ಹುಡುಗಿಯ ಅಪ್ಪ ನಾನು. ಇದೊಂದು ನನಗೆ ಬಿಡಿ. ಪಾತ್ರೆ ಮುಟ್ಟಿಸಿ ವಾಪಸ್ ಬಂದು ಇವಳನ್ನು ಕೂರಿಸ್ತೇನೆ.”

“ಅಪ್ಪ, ನಾನು ಚೊಂಬು ತಂಬಿಗೆಯ ನಂತರವಾ?” ಎಂದಳು ಸುಗಂಧಿ. ಸುತ್ತಲಿದ್ದವರು ನಕ್ಕರು.

“ಚೊಂಬು ಮುಳುಗಿದ್ರೆ ತೊಳೆದು ತರ್ಬಹುದು ಮಗಾ,” ಅಂದ ಅವನು. ಅದಕ್ಕೂ ನಕ್ಕರು. ಅವಳು ನಗಲಿಲ್ಲ. ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಹಂಡೆ, ಕೊಪ್ಪರಿಗೆ, ದೀಪದ ಕಂಬ, ಹಾಸಿಗೆಯ ಸುರುಳಿ ಎಲ್ಲ ದೋಣಿಗೇರಿದವು. ದೋಣಿ ನೂಕುವ ಜಲ್ಲೆ ಹಿಡಿಯಲು ಇಬ್ಬರು, ತನಿಯಪ್ಪ ಮತ್ತು ಅವನ ತಮ್ಮ. ಚುಕ್ಕಾಣಿಯಲ್ಲಿ ಸಂಕಪ್ಪ. ವಾದ್ಯದವರು ನಿಲ್ಲಿಸಬೇಕೋ ಊದಬೇಕೋ ತಿಳಿಯದೆ ಊದುತ್ತಲೇ ಇದ್ದರು. ಬಿಸಿಲು ಚೆನ್ನಾಗಿತ್ತು. ದೋಣಿ ನಡುಹೊಳೆಯವರೆಗೂ ಚೆನ್ನಾಗಿಯೇ ಹೋಯಿತು, ನನ್ನ ಪಕ್ಕದಲ್ಲಿದ್ದ ಅಂತಯ್ಯನವರು “ನೋಡಿದ್ರಾ?” ಎನ್ನುವಷ್ಟು ಚೆನ್ನಾಗಿ.

ಆಮೇಲೆ ನಡೆದದ್ದನ್ನು ನಾವು ದಡದಿಂದ ಕಂಡದ್ದು ಅರ್ಧ. ಉಳಿದರ್ಧವನ್ನು ತಮ್ಮನ ಜೊತೆ ಈಜಿ ದಡ ಸೇರಿದ ತನಿಯಪ್ಪ ಹೇಳಿದ. ನಡುನೀರಿನಲ್ಲಿ ಕೋಣೆಯ ಕಡೆಯಿಂದ ನೀರು ಹರಿದು ಬರತೊಡಗಿತು. ದಿಂಬು ಒತ್ತಿದ್ದ ಕಡೆ ಹಲಗೆಗಳ ಸಂದಿ ಬಿಟ್ಟಿತ್ತು. ಸಂಕಪ್ಪ ಚುಕ್ಕಾಣಿಯನ್ನು ತನಿಯಪ್ಪನ ತಮ್ಮನ ಕೈಗೆ ಕೊಟ್ಟ. ಮುಂಡಾಸು ಬಿಚ್ಚಿ, ಅದನ್ನು ಸಂದಿಗೆ ತುರುಕುತ್ತೇನೆಂದು ಬಾಗಿಲಲ್ಲಿ ತಗ್ಗಿ ಒಳಹೋದ. “ನಿಲ್ಲಿಸ್ಬೇಡ, ಆಚೆ ದಡಕ್ಕೇ ನೂಕು. ನಾವು ಹಿಂದೆ ಬಂದ್ರೆ ಅವಳು ಆಚೆ ಹೋಗುದುಂಟಾ,” ಅಂದನಂತೆ. ಹಂಡೆಗಳು ಉರುಳಿ ಒಂದು ಬದಿಗೆ ಬಂದವು. ಮುರಿದ ಪಕ್ಕೆಲುಬುಗಳ ಮೇಲೆ ದೋಣಿಯ ಮೈ ತಿರುಚಿಕೊಂಡಿತು, ಚೌಕಟ್ಟೂ ಅದರ ಜೊತೆಗೆ. ಓಲಾಟಕ್ಕೆ ಬಾಗಿಲು ಬಡಿದುಕೊಂಡಿತು.

“ಒಳಗಿಂದ ಗುದ್ದುದು ಕೇಳ್ತಿತ್ತು,” ಅಂದ ತನಿಯಪ್ಪ. “ಸಂದಿಗೆ ಬಟ್ಟೆ ಹೊಡಿತಿದ್ದಾನೆ ಅಂತ ನಾನು ಗ್ರಹಿಸಿದೆ.”

ದಡದಲ್ಲಿ ವಾದ್ಯ ನಿಂತಿತು. ದೋಣಿ ಹಿಂಬದಿಯಿಂದ ಮೊದಲಾಗಿ, ತೀರ ಸಾವಕಾಶವಾಗಿ, ನೀರಿನೊಳಗೆ ಕೂತಿತು. ಮೀನಿನ ದೋಣಿಗಳು ಹೊರಟವು, ಸುತ್ತು ಹಾಕಿದವು, ಸಂಕಪ್ಪ ಸಿಗದೆ ಒಂದು ಹಾಸಿಗೆಯ ಸುರುಳಿಯನ್ನು ಎತ್ತಿಕೊಂಡು ಬಂದವು.

ಆ ದಿನ ಮದುವೆ ನಡೆಯಲಿಲ್ಲ. ಸುಗಂಧಿ ಕತ್ತಲಾಗುವವರೆಗೂ ನೀರಿನಂಚಿನಿಂದ ಏಳಲಿಲ್ಲ. ಮುಂದಿನ ವರ್ಷ ಅವಳು ಅದೇ ಹುಡುಗನನ್ನು ಮದುವೆಯಾಗಲು ಮೀನಿನ ದೋಣಿಯೊಂದರಲ್ಲಿ ತೆರೆದ ಮುಖದಿಂದ ನಿಂತುಕೊಂಡೇ ಹೊಳೆ ದಾಟಿದಳು. ಆಚೆ ದಡದವರು ಒಂದು ಮಾತೂ ಆಡದೆ ಇಳಿಸಿಕೊಂಡರು. ಕೂರು ಎಂದು ಹೇಳುವ ಧೈರ್ಯ ಯಾರಿಗೂ ಆಗಲಿಲ್ಲವಂತೆ.

ದೋಣಿ ಸಿಕ್ಕಿದ್ದು ಅದಕ್ಕೂ ಮುಂಚೆ, ಹೊಳೆಯ ಇಳಿತದ ಒಂದು ಬೆಳಗ್ಗೆ. ನಮ್ಮ ಕಡವಿನಿಂದ ನೆರೆ ಹೊತ್ತೊಯ್ದಿದ್ದ ಮರಳೆಲ್ಲ ಕೆಳಗಿನ ತಿರುವಿನಲ್ಲಿ ಹೊಸ ದಿಣ್ಣೆಯಾಗಿ ಎದ್ದಿತ್ತು. ದೋಣಿ ಅದರ ಮೇಲೆ ನೆಟ್ಟಗೆ ಕೂತಿತ್ತು. ಹರಿವು ಅಡಿಮರದ ಕೆಳಗೆ ಉದ್ದಕ್ಕೂ ಒಂದು ಕಾಲುವೆ ಕೊರೆದಿತ್ತು. ಮರಳು ಅದರ ಹೊಟ್ಟೆಯನ್ನು ಎರಡೂ ಕಡೆಯಿಂದ ತುಂಬಿ ಹಿಡಿದಿತ್ತು. ಒಂದು ವೀಳ್ಯದೆಲೆಯನ್ನು ಸರಾಗವಾಗಿ ತೂರಿಸಬಹುದಿತ್ತು. ಅಂತಯ್ಯನವರು ದೂರದಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಎಲೆ ಇರಲಿಲ್ಲ.

ದಾಮೋದರಾಚಾರ್ರು ಮುಂದೆ ಹೋದರು. ಗಿಳಿಯ ಮೇಲೆ ಅಂಗೈ ಇಟ್ಟು ತಳ್ಳಿದರು. ಭುಜ ಕೊಟ್ಟು ತಳ್ಳಿದರು. ಆಮೇಲೆ ಹಿಂದೆ ತಿರುಗಿ ನೋಡದೆ ಕೊಡಲಿಗೆ ಕೈ ಚಾಚಿದರು.

ಬಾಗಿಲು ಸರಿಯಾಗಿ ಮುಚ್ಚಿಕೊಂಡಿತ್ತು.